ಶಾಸ್ತ್ರವಿಲ್ಲದ ಔಷಧದಾನ

ನಮ್ಮ ಪರಂಪರೆಯು ಔಷಧದಾನವನ್ನು ಒಂಟಿಯಾಗಿ ಹೇಳಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೇ ಹೇಳಿದೆ. ಕನ್ನಡ ನಾಡಿನ ಜೈನ ಶಾಸನಗಳು ದಾನಿಗಳನ್ನು ಪ್ರಶಂಸಿಸುವಾಗಲೂ ಈ ನಾಲ್ಕನ್ನು ಒಂದೇ ಸಮಾಸದಲ್ಲಿ ಹೆಣೆಯುತ್ತವೆ. ಹಸಿದವನಿಗೆ ಅನ್ನ, ಹೆದರಿದ ಜೀವಿಗೆ ಅಭಯ, ರೋಗಿಗೆ ಔಷಧ, ಅರಿಯದವನಿಗೆ ಅರಿವು ಎಂಬಿವು ಒಂದೇ ಕರುಣೆಯ ನಾಲ್ಕು ಕಾರ್ಯಗಳು. ಆದುದರಿಂದ ಔಷಧವನ್ನು ಕೊಡುವವನಲ್ಲಿ ಅಭಯವೂ ಶಾಸ್ತ್ರವೂ ಇರಬೇಕೆಂಬುದು ಇದರ ತಾತ್ಪರ್ಯವೆಂದು ತಿಳಿಯುವುದು ಯುಕ್ತ. ಅಭಯವಿಲ್ಲದ ಔಷಧವು ಇನ್ನೊಂದು ಜೀವಿಗೆ ಮೃತ್ಯುವಾದೀತು. ಶಾಸ್ತ್ರವಿಲ್ಲದ ಔಷಧವು ರೋಗಿಗೇ ಮೃತ್ಯುವಾದೀತು.

ಈ ಮಾತನ್ನು ಈಗ ನೆನಪಿಸಬೇಕಾದ ಪ್ರಸಂಗ ಒದಗಿದೆ. 'ಪೆಪ್ಟೈಡ್ ಚಿಕಿತ್ಸೆ' ಎಂಬ ಹೊಸ ಹೆಸರು ಮಹಾನಗರಗಳ ವ್ಯಾಯಾಮಶಾಲೆಗಳಿಂದಲೂ ಮೊಬೈಲಿನ ಜಾಹೀರಾತುಗಳಿಂದಲೂ ಹೊರಟು ಎಲ್ಲ ಕಡೆಗೂ ಹಬ್ಬುತ್ತಿದೆ. ಸವೆದ ಕೀಲು ಮತ್ತೆ ಬೆಳೆಯುವುದೆಂದು, ಹರಿದ ಸ್ನಾಯು ವಾರಗಳಲ್ಲಿ ಕೂಡುವುದೆಂದು, ಪಾರ್ಶ್ವವಾಯು ಬಡಿದವರು ಬೇಗ ಎದ್ದು ನಡೆಯುವರೆಂದು, ತರುಣರ ಮೈಕಟ್ಟು ಔಷಧದಿಂದಲೇ ಮೂಡುವುದೆಂದು ಭರವಸೆಗಳ ಮಳೆ ಸುರಿಯುತ್ತಿದೆ. ಇಂತಹ ಭರವಸೆಗೆ ಕಿವಿಗೊಡುವವರು ಯಾರು? ರಾಯಚೂರಿನ ಅಂಗಡಿಯಲ್ಲಿ ನಾಲ್ಕು ದಶಕ ನಿಂತು ಮೊಣಕಾಲು ಸವೆಸಿಕೊಂಡ ವರ್ತಕ. ಮಾನ್ವಿಯ ಕಾಲುವೆ ಕೆಳಗಿನ ಗದ್ದೆಯಲ್ಲಿ ಬತ್ತದ ನಾಟಿ ಮಾಡಿ ನಡು ಬಿದ್ದುಹೋದ ಹೆಣ್ಣುಮಗಳು. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡದ ಕೆಲಸದಲ್ಲಿ ಬೆನ್ನು ಕೆಡಿಸಿಕೊಂಡು ಮರಳಿದ ಕೂಲಿಕಾರ. ಪೊಲೀಸ್ ನೇಮಕಾತಿಯ ಓಟದಲ್ಲಿ ಗೆಲ್ಲಲೇಬೇಕೆಂದು ಹೊರಟ ತರುಣ. ಇವರೆಲ್ಲರ ನೋವು ನಿಜ. ನಿಜವಾದ ನೋವಿನ ಎದುರಿಗೇ ಸುಳ್ಳು ಔಷಧಕ್ಕೆ ಹೆಚ್ಚು ಬೆಲೆ ಬರುವುದು.

ಮಾರುವವನಿಗೆ ಬೇಕಾದದ್ದು ಒಂದು ಸಭಾಭವನ, ಒಂದು ಬ್ಯಾನರ್, ಮತ್ತು ಜನರು ನಂಬುವ ಒಂದು ಹೆಸರು. ಈ ಮೂರೂ ನಮ್ಮ ಬಸದಿ ಮತ್ತು ಮಂದಿರಗಳ ಟ್ರಸ್ಟ್‌ಗಳಲ್ಲಿ ಇವೆ. ಆದುದರಿಂದ ಈ ಲೇಖನದ ಪ್ರತಿಜ್ಞೆಯನ್ನು ಮೊದಲೇ ಹೇಳಿಬಿಡುತ್ತೇವೆ: ಮನುಷ್ಯರ ಮೇಲೆ ನ್ಯಾಯವಾಗಿ ಪರೀಕ್ಷಿಸಿ ಫಲ ಕಂಡ ಪ್ರಮಾಣವಿಲ್ಲದ, ಯಾವ ಜೀವಿಯ ದೇಹದಿಂದ ಬಂದುದೆಂದು ಬಾಯಿಬಿಟ್ಟು ಹೇಳದ ಯಾವ ಔಷಧಕ್ಕೂ ನಮ್ಮ ಟ್ರಸ್ಟ್‌ಗಳು ಸ್ಥಳವನ್ನಾಗಲಿ, ಹೆಸರನ್ನಾಗಲಿ, ಹಣವನ್ನಾಗಲಿ ಕೊಡಕೂಡದು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಅಮೈನೋ ಆಮ್ಲಗಳೆಂಬ ಸಣ್ಣ ಸಣ್ಣ ಮಣಿಗಳನ್ನು ಪೋಣಿಸಿದ ಸರ ಉದ್ದವಾಗಿದ್ದರೆ ಪ್ರೋಟೀನ್ ಎನ್ನುತ್ತಾರೆ. ಗಿಡ್ಡವಾಗಿದ್ದರೆ ಪೆಪ್ಟೈಡ್ ಎನ್ನುತ್ತಾರೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ 9 ಮಣಿಗಳ ಸರ. ಸಕ್ಕರೆ ಕಾಯಿಲೆಯವರ ಪ್ರಾಣ ಉಳಿಸುವ ಇನ್ಸುಲಿನ್ 51 ಮಣಿಗಳದ್ದು. ಆದುದರಿಂದ 'ಪೆಪ್ಟೈಡ್' ಎಂಬ ಶಬ್ದ ಕೇಳಿದ ಕೂಡಲೇ ಬೆಚ್ಚುವುದೂ ತಪ್ಪು, ಮಾರುಹೋಗುವುದೂ ತಪ್ಪು. ಆ ಶಬ್ದವು ಜಾತಿಯನ್ನು ಹೇಳುತ್ತದೆಯೇ ಹೊರತು ಗುಣವನ್ನು ಹೇಳುವುದಿಲ್ಲ. ಇನ್ಸುಲಿನ್ ಗಳಿಸಿದ ಕೀರ್ತಿಯನ್ನು ತೋರಿಸಿ, ಅದೇ ಜಾತಿಯದೆಂಬ ಕಾರಣಕ್ಕೆ ಹೆಸರಿಲ್ಲದ ಇನ್ನೊಂದು ಸೀಸೆಯನ್ನು ಮಾರುವುದು ಗಂಧದ ಮರದ ಹೆಸರು ಹೇಳಿ ಜಾಲಿಯ ಕೊರಡನ್ನು ತೂಗಿಕೊಟ್ಟಂತೆ.

ಹಾಗಾದರೆ ಪ್ರಮಾಣವೆಂದರೇನು? ಉದಾಹರಣೆಗೆ, ಎಲುಬು ಸವೆತಕ್ಕೆ ಕೊಡುವ ಟೆರಿಪ್ಯಾರಟೈಡ್ ಎಂಬ ಪೆಪ್ಟೈಡನ್ನು ನೋಡಿ. 2001ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ, ಮೊದಲೇ ಬೆನ್ನುಮೂಳೆ ಮುರಿದಿದ್ದ 1637 ಮಹಿಳೆಯರಿದ್ದರು. ಚೀಟಿ ಎತ್ತಿದಂತೆ ಅವರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಔಷಧವನ್ನೂ ಕೆಲವರಿಗೆ ಹುಸಿ ಔಷಧವನ್ನೂ ಕೊಟ್ಟರು. ಔಷಧ ಪಡೆದವರಲ್ಲಿ ಬೆನ್ನುಮೂಳೆಯ ಹೊಸ ಮುರಿತಗಳು ಮೂರರಲ್ಲಿ ಎರಡು ಪಾಲಿನಷ್ಟು ಕಡಿಮೆಯಾದವು. ಬೊಜ್ಜಿಗೆ ಕೊಡುವ ಸೆಮಾಗ್ಲುಟೈಡ್ ಎಂಬುದು ಇನ್ನೊಂದು. 2021ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ 1961 ಮಂದಿ ಇದ್ದರು. 68 ವಾರಗಳ ಕೊನೆಗೆ ಔಷಧ ಪಡೆದವರ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿಯಿತು, ಹುಸಿ ಔಷಧ ಪಡೆದವರದು ಶೇಕಡಾ 2.4ರಷ್ಟು ಮಾತ್ರ. ಈ ಔಷಧಗಳಿಗೂ ದೋಷಗಳಿವೆ. ಆದರೆ ಗುಣವನ್ನೂ ದೋಷವನ್ನೂ ಅಳೆದಿದ್ದಾರೆ, ಅಳೆದದ್ದನ್ನು ಎಲ್ಲರೂ ಓದುವಂತೆ ಪ್ರಕಟಿಸಿದ್ದಾರೆ. ಮನುಷ್ಯರು, ಹೋಲಿಕೆಯ ಗುಂಪು, ಪ್ರಕಟವಾದ ಫಲಿತಾಂಶ ಎಂಬ ಈ ಮೂರೂ ಕೂಡಿದರೆ ಅದು ಪ್ರಮಾಣ.

ಈ ಅಳತೆಗೋಲಿನಿಂದ 'ಚೇತರಿಕೆಯ ಪೆಪ್ಟೈಡ್'ಗಳನ್ನು ಅಳೆಯೋಣ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಬಿಪಿಸಿ-157. ಇದು 15 ಮಣಿಗಳ ಸರ. ಮನುಷ್ಯನ ಜಠರರಸದ ಒಂದು ಪ್ರೋಟೀನಿನ ತುಣುಕೆಂದು ಇದನ್ನು ಹೇಳುತ್ತಾರೆ. ಕ್ರೊಯೇಷಿಯಾದ ಜಾಗ್ರೆಬ್ ನಗರದ ಸಂಶೋಧಕರ ಒಂದು ಬಳಗವು 1990ರ ದಶಕದಿಂದ ಇದರ ಬಗ್ಗೆ ಬರೆಯುತ್ತ ಬಂದಿದೆ. ಇದನ್ನು ಕುರಿತ ಬರಹಗಳಲ್ಲಿ ಬಹುಪಾಲು ಆ ಒಂದೇ ಬಳಗದವು. ಆ ಪ್ರಯೋಗಗಳು ನಡೆದದ್ದು ಮುಖ್ಯವಾಗಿ ಇಲಿಗಳ ಮೇಲೆ. ಇಲಿಯ ಹಿಮ್ಮಡಿಯ ನರವನ್ನು ಕತ್ತರಿಸಿ, ಈ ವಸ್ತುವನ್ನು ಚುಚ್ಚಿ, ಗಾಯ ಬೇಗ ಕೂಡಿತೆಂದು ತೋರಿಸಿದರು. ಒಳ್ಳೆಯದು, ಮನುಷ್ಯರಲ್ಲಿ? 2015ರಲ್ಲಿ 42 ಆರೋಗ್ಯವಂತರ ಮೇಲೆ ನಡೆಸುವುದೆಂದು ನೋಂದಾಯಿಸಿದ ಒಂದು ಪ್ರಯೋಗದ ಫಲಿತಾಂಶವು ಹೊರಬರಲೇ ಇಲ್ಲ. 2021ರಲ್ಲಿ ಮೊಣಕಾಲು ನೋವಿನ 16 ಮಂದಿಯ ಒಂದು ವರದಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ನೋವು ಕಡಿಮೆಯಾಯಿತೆಂದರು; ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಮೊಣಕಾಲಿಗೆ ಬರಿಯ ಉಪ್ಪುನೀರನ್ನು ಚುಚ್ಚಿದರೂ ಅನೇಕರಿಗೆ ನೋವು ಗಣನೀಯವಾಗಿ ಇಳಿಯುತ್ತದೆ ಎಂಬುದು ಸಂಧಿವಾತದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹೀಗಿರುವಾಗ ಆ 16 ಮಂದಿಯ ಮಾತಿನಿಂದ ಏನನ್ನು ನಿರ್ಣಯಿಸಬಹುದು?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2023ರಲ್ಲಿ ಈ ವಸ್ತುವನ್ನು, ಔಷಧಾಲಯಗಳು ತಾವೇ ತಯಾರಿಸಿಕೊಟ್ಟರೆ ಸುರಕ್ಷತೆಗೆ ಗಂಭೀರ ಅಪಾಯ ಉಂಟಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು, ಅಂದರೆ ವಾಡಾ, 2022ರ ನಿಷೇಧ ಪಟ್ಟಿಯಲ್ಲಿ ಇದರ ಹೆಸರನ್ನು ಬರೆಯಿತು. ಯಾವ ಸರ್ಕಾರದ ಔಷಧ ಪ್ರಾಧಿಕಾರವೂ ಮನುಷ್ಯರ ಬಳಕೆಗೆ ಒಪ್ಪದ ವಸ್ತುಗಳ ವರ್ಗದಲ್ಲಿ ಅದನ್ನು ಇರಿಸಿತು. ಟಿಬಿ-500, ಸಿಜೆಸಿ-1295, ಐಪಮೋರೆಲಿನ್ ಮೊದಲಾದವುಗಳೂ ನಿಷೇಧದ ಪಟ್ಟಿಯಲ್ಲಿವೆ. ನಮ್ಮಲ್ಲಿಯೂ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯಿದೆ 2022ರಲ್ಲಿ ಬಂದಿದೆ. ಜಿಲ್ಲಾ ಮಟ್ಟದ ಕ್ರೀಡಾಂಗಣದಿಂದ ರಾಷ್ಟ್ರ ಮಟ್ಟಕ್ಕೆ ಏರಬೇಕೆನ್ನುವ ಮಗುವಿನ ಕೈಗೆ ಇಂತಹ ಸೀಸೆ ಕೊಟ್ಟ ತರಬೇತುದಾರನು ಆ ಮಗುವಿನ ವರ್ಷಗಳ ಶ್ರಮವನ್ನು ಒಂದು ಮೂತ್ರಪರೀಕ್ಷೆಗೆ ಒತ್ತೆಯಿಟ್ಟಂತಾಯಿತು.

ಇವುಗಳಲ್ಲಿ ಕೆಲವು ದೇಹದ ಬೆಳವಣಿಗೆಯ ಹಾರ್ಮೋನನ್ನು ಏರಿಸುತ್ತವೆ ಎಂಬುದು ನಿಜ. ಆದರೆ ಹಾರ್ಮೋನು ಏರಿದ ಮಾತ್ರಕ್ಕೆ ಬಲ ಏರುವುದೇ? 2008ರಲ್ಲಿ ಬೆಳವಣಿಗೆಯ ಹಾರ್ಮೋನನ್ನೇ ನೇರವಾಗಿ ಪಡೆದ 303 ಮಂದಿ ಆರೋಗ್ಯವಂತರ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಕೊಬ್ಬಿಲ್ಲದ ದೇಹತೂಕ ಸುಮಾರು 2 ಕಿಲೋ ಹೆಚ್ಚಿತ್ತು. ಬಲ ಹೆಚ್ಚಿದ ಲಕ್ಷಣ ಕಾಣಲಿಲ್ಲ. ಊತ ಮತ್ತು ಆಯಾಸದ ದೂರುಗಳು ಮಾತ್ರ ಹೆಚ್ಚಿದ್ದವು. ಕನ್ನಡಿಯಲ್ಲಿ ಕಂಡ ತೋಳು ಕಣದಲ್ಲಿ ಕೆಲಸಕ್ಕೆ ಬರಲಿಲ್ಲ.

ಇನ್ನು ಶುದ್ಧತೆಯ ವಿಷಯ. ಈ ಸೀಸೆಗಳಲ್ಲಿ ಅನೇಕವು 'ಸಂಶೋಧನೆಗೆ ಮಾತ್ರ, ಮಾನವ ಬಳಕೆಗಲ್ಲ' ಎಂಬ ಚೀಟಿಯನ್ನು ಅಂಟಿಸಿಕೊಂಡೇ ಮಾರಾಟವಾಗುತ್ತವೆ. ಚೀಟಿಯಲ್ಲಿ ಮಾನವ ಬಳಕೆಗಲ್ಲವೆಂದು ಬರೆದು, ಬಾಯಲ್ಲಿ ಚುಚ್ಚಿಸಿಕೊಳ್ಳಿರೆಂದು ಹೇಳುವ ವ್ಯಾಪಾರಕ್ಕೆ ಏನೆನ್ನಬೇಕು? ಪರವಾನಗಿ ಪಡೆದ ಕಾರ್ಖಾನೆಯ ದ್ರಾವಣದಲ್ಲೇ ದೋಷದ ಶಂಕೆ ಬಂದಾಗ ಏನಾಗುತ್ತದೆಂಬುದನ್ನು ತುಂಗಭದ್ರೆಯ ಆಚೆಯ ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ನಾವು ಕಂಡೆವು. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಕೊಟ್ಟ ದ್ರಾವಣದ ಮೇಲೆ ಶಂಕೆ ಬಂದು ಸರ್ಕಾರವು ಅದರ ಬಳಕೆಯನ್ನು ತಡೆದು ತನಿಖೆಗೆ ತೊಡಗಬೇಕಾಯಿತು. ಅಲ್ಲಿ ಕನಿಷ್ಠ ತಯಾರಕರ ಹೆಸರಿತ್ತು, ತಂಡದ ಸಂಖ್ಯೆಯಿತ್ತು, ಕೇಳಲು ಒಂದು ಇಲಾಖೆಯಿತ್ತು. ಮೊಬೈಲಿನ ಮೂಲಕ ತರಿಸಿದ ಸೀಸೆಯಿಂದ ಕೇಡಾದರೆ ಯಾರನ್ನು ಕೇಳುವುದು? ಇನ್ನೂ ಹಿಂದಿನ ಒಂದು ಪಾಠವಿದೆ. ಶವಗಳ ಮೆದುಳಿನ ಗ್ರಂಥಿಯಿಂದ ತೆಗೆದ ಬೆಳವಣಿಗೆಯ ಹಾರ್ಮೋನನ್ನು ಗಿಡ್ಡವಾಗಿ ಉಳಿದ ಮಕ್ಕಳಿಗೆ ಅನೇಕ ವರ್ಷ ಕೊಟ್ಟರು. ಆ ಮಕ್ಕಳಲ್ಲಿ ಕೆಲವರು ಬೆಳೆದ ಮೇಲೆ ಮೆದುಳು ಕೊಳೆಯುವ ಮಾರಕ ರೋಗದಿಂದ ಸತ್ತರೆಂದು ತಿಳಿದು, 1985ರಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳು ಅದನ್ನು ನಿಲ್ಲಿಸಿದವು. ಕೊಡುವವರ ಉದ್ದೇಶ ಒಳ್ಳೆಯದಾಗಿತ್ತು. ಒಳ್ಳೆಯ ಉದ್ದೇಶವು ವಿಷವನ್ನು ತೆಗೆಯಲಿಲ್ಲ.

ಈಗ ಪೂರ್ವಪಕ್ಷವನ್ನು ಆಲಿಸೋಣ. 'ನನಗೆ ಗುಣವಾಗಿದೆ, ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ?' ಎಂದು ಕೆಲವರು ಕೇಳುತ್ತಾರೆ. ಗುಣವಾದದ್ದು ಪ್ರತ್ಯಕ್ಷ, ಔಷಧದಿಂದ ಗುಣವಾಯಿತೆಂಬುದು ಅನುಮಾನ. ಉಳುಕಿದ ಕಾಲು ಔಷಧವಿಲ್ಲದೆಯೂ ಆರು ವಾರಗಳಲ್ಲಿ ಮಾಯುವುದುಂಟು. ಔಷಧ ಪಡೆಯದ ಇನ್ನೊಬ್ಬನ ಕಾಲನ್ನು ಪಕ್ಕದಲ್ಲಿಟ್ಟು ನೋಡದೆ ಹೇತುವನ್ನು ನಿರ್ಣಯಿಸುವುದು ನಮ್ಮ ತಾರ್ಕಿಕರು ಒಪ್ಪುವ ಮಾರ್ಗವಲ್ಲ.

ಇನ್ನು ಕೆಲವರು ಅನೇಕಾಂತವನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ. ಎಲ್ಲ ಮತಗಳಲ್ಲಿಯೂ ಅಂಶಸತ್ಯವಿರುವಾಗ ಈ ಚಿಕಿತ್ಸೆಯನ್ನು ಮಾತ್ರ ಏಕೆ ತಳ್ಳಬೇಕು ಎನ್ನುತ್ತಾರೆ. ಇದು ಅನೇಕಾಂತದ ಅಪಾರ್ಥ. ಸ್ಯಾದ್ವಾದವು ಎಲ್ಲವನ್ನೂ ಒಪ್ಪಿಕೊಳ್ಳಿರೆಂದು ಹೇಳುವುದಿಲ್ಲ. ಯಾವ ಮಾತನ್ನು ಹೇಳಿದರೂ ಯಾವ ಅಪೇಕ್ಷೆಯಿಂದ ಹೇಳುತ್ತೀರೆಂಬುದನ್ನು ಸ್ಪಷ್ಟಪಡಿಸಿರೆಂದು ಹೇಳುತ್ತದೆ. 'ಇಲಿಯ ಅಪೇಕ್ಷೆಯಿಂದ, ಕತ್ತರಿಸಿದ ನರದ ಅಪೇಕ್ಷೆಯಿಂದ, ಇಂತಿಷ್ಟು ಮಾತ್ರೆಯಲ್ಲಿ, ಈ ವಸ್ತು ಗುಣ ತೋರಿತು' ಎಂದರೆ ಅದು ಸ್ಯಾದ್ವಾದಿಯ ಮಾತು. 'ಇದು ಕೀಲುನೋವನ್ನು ವಾಸಿಮಾಡುತ್ತದೆ' ಎಂದರೆ ಅದು ಏಕಾಂತ. ಮಾರುವವನು ಮಾಡಿದ್ದು ಇಷ್ಟೇ: ಸಂಶೋಧಕನ ವಾಕ್ಯದಿಂದ 'ಸ್ಯಾತ್' ಎಂಬ ಶಬ್ದವನ್ನು ಕಿತ್ತುಹಾಕಿ ಉಳಿದದ್ದಕ್ಕೆ ಬೆಲೆಚೀಟಿ ಅಂಟಿಸಿದ್ದಾನೆ.

ಗೃಹಸ್ಥನ ಅಣುವ್ರತಗಳ ಅತಿಚಾರಗಳನ್ನು ಓದಿದವರಿಗೆ ಈ ವ್ಯಾಪಾರದ ಹೆಸರುಗಳು ಹೊಸವಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮವಿದೆ. ಅಸಲಿಯ ಹೆಸರಿನಲ್ಲಿ ನಕಲಿಯನ್ನು ಕೊಡುವ ಪ್ರತಿರೂಪಕ ವ್ಯವಹಾರವಿದೆ. ಒಪ್ಪಿಗೆಯಿಲ್ಲದ ವಸ್ತುವನ್ನು ಔಷಧವೆಂದು ಮಾರುವವನು ಈ ಮೂರರಲ್ಲಿಯೂ ಸಿಲುಕುತ್ತಾನೆ. ನಮ್ಮ ಸಮಾಜದಲ್ಲಿ ಔಷಧದಂಗಡಿ ನಡೆಸುವ ಬಂಧುಗಳು ಕಡಿಮೆಯಿಲ್ಲವಾದ್ದರಿಂದ ಈ ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ.

ಇಲಿಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಮೂರು ದಶಕಗಳ ಕಾಲ ಅವುಗಳ ನರ ಕತ್ತರಿಸಿ, ಎಲುಬು ಮುರಿದು, ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ನೋಡಿದ ಮೇಲೆಯೂ ಮನುಷ್ಯರಲ್ಲಿ ಮುಗಿಸಿ ಪ್ರಕಟಿಸಿದ ಒಂದು ದೊಡ್ಡ ಪ್ರಯೋಗವಿಲ್ಲ. ಪ್ರಾಣಿಪ್ರಯೋಗವನ್ನು ಸಮರ್ಥಿಸುವವರು ಕೊಡುವ ಒಂದೇ ಕಾರಣ ಅದು ಮುಂದೆ ಮನುಷ್ಯರ ರೋಗಕ್ಕೆ ಪರಿಹಾರವಾಗುವುದೆಂಬುದು. ಆ ಮುಂದಿನ ಹೆಜ್ಜೆಯನ್ನು ಇಡದೆ ಸೀಸೆಯನ್ನು ಪೇಟೆಗೆ ಬಿಟ್ಟರೆ, ಆ ನೋವೆಲ್ಲ ನಿಷ್ಪ್ರಯೋಜಕವಾಯಿತು. ನಿಷ್ಪ್ರಯೋಜಕ ಹಿಂಸೆಯನ್ನೇ ನಮ್ಮ ಆಚಾರ್ಯರು ಅನರ್ಥದಂಡವೆಂದು ಕರೆದು, ಅದರಿಂದ ವಿರತರಾಗಲು ಗೃಹಸ್ಥರಿಗೆ ಪ್ರತ್ಯೇಕ ವ್ರತವನ್ನೇ ವಿಧಿಸಿದರು.

ಎರಡನೆಯ ಪ್ರಶ್ನೆ ಮೂಲದ್ದು. ಕೀಲಿಗೂ ಚರ್ಮಕ್ಕೂ ಒಳ್ಳೆಯದೆಂದು ಮಾರುವ ಕೊಲಾಜನ್ ಪೆಪ್ಟೈಡ್ ಪುಡಿಯನ್ನು ತೆಗೆಯುವುದು ದನದ ತೊಗಲಿನಿಂದ, ಹಂದಿಯ ಚರ್ಮದಿಂದ, ಎಲುಬಿನಿಂದ, ಮೀನಿನ ಹುರುಪೆಯಿಂದ. ಬಾಳೆಹಣ್ಣಿನ ವಾಸನೆ ಬೆರೆಸಿದರೂ ಮೂಲ ಬದಲಾಗುವುದಿಲ್ಲ. ಫಲವಾದರೂ ನಿಶ್ಚಿತವೇ? ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ ಸಾಕ್ಷ್ಯಗಳನ್ನು ಪರಿಶೀಲಿಸಿ, ಕೊಲಾಜನ್ ಸೇವನೆಗೂ ಕೀಲುಗಳ ರಕ್ಷಣೆಗೂ ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲವೆಂದು ಹೇಳಿತು. ನುಂಗಿದ ಕೊಲಾಜನ್ ಹೊಟ್ಟೆಯಲ್ಲಿ ತುಂಡು ತುಂಡಾಗುತ್ತದೆ. ಅದು ನೇರವಾಗಿ ಮೊಣಕಾಲಿಗೆ ಹೋಗಿ ಕೂರುವುದಿಲ್ಲ. ಆಹಾರವಾಗಿ ಮಾರುವ ಪುಡಿಯ ಡಬ್ಬಿಯ ಮೇಲೆ ಸಸ್ಯಾಹಾರ, ಮಾಂಸಾಹಾರದ ಗುರುತು ಇರುತ್ತದೆ, ನೋಡಿ ತಿಳಿಯಬಹುದು. ಔಷಧವಾಗಿ ಕೊಡುವ ಚುಚ್ಚುಮದ್ದಿಗೆ ಆ ನಿಯಮವಿಲ್ಲ. ಅಲ್ಲಿ ಕೇಳಿಯೇ ತಿಳಿಯಬೇಕು.

ಕೇಳದಿದ್ದರೆ ಏನಾಗುವುದೆಂಬುದಕ್ಕೆ ಸೆರೆಬ್ರೋಲೈಸಿನ್ ನಿದರ್ಶನ. ಪಾರ್ಶ್ವವಾಯು ಮತ್ತು ತಲೆಗೆ ಪೆಟ್ಟಾದ ರೋಗಿಗಳ ಚೇತರಿಕೆಗೆಂದು ನಮ್ಮ ದೇಶದಲ್ಲಿಯೂ ಬಳಸಿಕೊಂಡು ಬಂದಿರುವ ಈ ಚುಚ್ಚುಮದ್ದು ಹಂದಿಯ ಮೆದುಳಿನಿಂದ ತೆಗೆದ ಪೆಪ್ಟೈಡ್‌ಗಳ ಮಿಶ್ರಣ. ಅಸುನೀಗುವಂತಿರುವ ತಂದೆಯ ಹಾಸಿಗೆಯ ಬಳಿ ನಿಂತ ಮಗನಿಗೆ ಇದನ್ನು ಹೇಳುವವರು ಎಷ್ಟು ಮಂದಿ? ಇದರ ಸಾಕ್ಷ್ಯವನ್ನೂ ನ್ಯಾಯವಾಗಿ ಹೇಳಬೇಕು. 2016ರಲ್ಲಿ ಪ್ರಕಟವಾದ, 208 ರೋಗಿಗಳ ಒಂದು ಪ್ರಯೋಗದಲ್ಲಿ ಕೈಯ ಚಲನೆ ಸುಧಾರಿಸಿತೆಂದು ಕಂಡಿತು. ಆದರೆ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020 ಮತ್ತು 2023ರ ಪರಿಶೀಲನೆಗಳು, ರಕ್ತನಾಳ ಕಟ್ಟಿ ಬರುವ ಪಾರ್ಶ್ವವಾಯುವಿನಲ್ಲಿ ಇದು ಸಾವನ್ನು ತಡೆಯುವ ಸಂಭವವಿಲ್ಲವೆಂದೂ, ಮಾರಕವಲ್ಲದ ಗಂಭೀರ ತೊಂದರೆಗಳನ್ನು ಹೆಚ್ಚಿಸಬಹುದೆಂದೂ ಹೇಳಿದವು. ಇಂತಹ ಔಷಧಕ್ಕಾಗಿ ಒಂದು ಕುಟುಂಬವು ಸಾಲ ಮಾಡಬೇಕೆ, ತನ್ನ ಆಚಾರವನ್ನು ಅರಿಯದೆಯೇ ಬಿಡಬೇಕೆ ಎಂಬುದನ್ನು ಆ ಕುಟುಂಬವೇ ನಿರ್ಧರಿಸಲಿ; ಆದರೆ ತಿಳಿದು ನಿರ್ಧರಿಸಲಿ.

ವೈದ್ಯವಿಷಯದಲ್ಲಿ ಇಂತಹ ಪ್ರಶ್ನೆ ಕೇಳುವುದು ನಮಗೆ ಹೊಸತಲ್ಲ. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯರು ವೈದ್ಯರ ಸಭೆಯ ಎದುರು ಮಾಂಸಸೇವನೆ ಚಿಕಿತ್ಸೆಗೆ ಅಗತ್ಯವಲ್ಲವೆಂದು ವಾದಿಸಿದರು. ಆ ವಾದವು ಅವರ 'ಕಲ್ಯಾಣಕಾರಕ' ಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವಾಗಿ ಉಳಿದಿದೆ. ಮಾಂಸ, ಮದ್ಯ, ಮಧುಗಳಿಲ್ಲದ ವೈದ್ಯವನ್ನು ಅವರು ಕಟ್ಟಿದರು. ಅವರು ಭಾವುಕತೆಯಿಂದ ಸುಮ್ಮನಾಗಲಿಲ್ಲ, ಸಭೆಯಲ್ಲಿ ನಿಂತು ಹಿತವೇ ಅಹಿತವೇ ಎಂದು ಚರ್ಚಿಸಿದರು ಎಂಬುದು ಗಮನಾರ್ಹ. ಆ ಸಭೆಯ ವಾರಸುದಾರರಾದ ನಾವು ಸೀಸೆಯ ಮೇಲಿನ ಹೊಳೆಯುವ ಚೀಟಿಯನ್ನು ನೋಡಿ ಬಾಯಿಮುಚ್ಚಿ ಕೂಡುವುದು ಶೋಭಿಸುವುದಿಲ್ಲ.

ಆದರೆ ಖಡ್ಗಕ್ಕೆ ಎರಡು ಅಲಗು. ಪ್ರಮಾಣವಿಲ್ಲದ್ದನ್ನು ಒಪ್ಪುವುದು ಹೇಗೆ ದೋಷವೋ, ಪ್ರಮಾಣವಿದ್ದದ್ದನ್ನು ತಳ್ಳುವುದೂ ಹಾಗೆಯೇ ದೋಷ. ಇದಕ್ಕೆ ನಮ್ಮ ರಾಜ್ಯಕ್ಕೇ ಸಂಬಂಧಿಸಿದ ಒಂದು ನಿದರ್ಶನವಿದೆ. ಆಕ್ಸಿಟೋಸಿನ್ ಪೆಪ್ಟೈಡನ್ನು ಎಮ್ಮೆ ಆಕಳುಗಳಿಗೆ ಚುಚ್ಚಿ ಹಾಲು ಇಳಿಸುವ ಕ್ರೌರ್ಯ ದೇಶದಲ್ಲಿ ನಡೆದು ಬಂದಿದೆ. ಕರು ಸತ್ತರೂ, ಕರುವನ್ನು ದೂರವಿಟ್ಟರೂ, ಸೂಜಿಯಿಂದ ಹಾಲು ಇಳಿಯುತ್ತದೆ. ಪ್ರಾಣಿಹಿಂಸೆ ತಡೆ ಕಾಯಿದೆ, 1960ರ 12ನೆಯ ಕಲಮಿನಲ್ಲಿ ಹಾಲಿಗಾಗಿ ಇಂತಹ ಚುಚ್ಚುಮದ್ದು ಕೊಡುವುದು ಅಪರಾಧ. ಈ ದುರ್ಬಳಕೆಯನ್ನು ತಡೆಯಲೆಂದು ಕೇಂದ್ರ ಸರ್ಕಾರವು 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಾದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದಕ್ಕೇ ಅದನ್ನು ವಹಿಸಿತು. ಪ್ರಾಣಿದಯೆಯ ಪಕ್ಷದವರು ಹರ್ಷಿಸಿದರು. ಆದರೆ ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವ ಮೊದಲ ಔಷಧವೂ ಇದೇ ಆಕ್ಸಿಟೋಸಿನ್. ಒಂದೇ ಕಾರ್ಖಾನೆಯಿಂದ ದೇಶದ ಎಲ್ಲ ಹೆರಿಗೆ ಕೋಣೆಗಳಿಗೆ ಅದು ತಲುಪದಿದ್ದರೆ ತಾಯಂದಿರ ಗತಿಯೇನು? ದೆಹಲಿ ಉಚ್ಚ ನ್ಯಾಯಾಲಯವು 2018ರ ಡಿಸೆಂಬರ್ 14ರಂದು ಆ ಆದೇಶವನ್ನು ರದ್ದುಗೊಳಿಸಿತು. ಅದಕ್ಕೆ ವೈಜ್ಞಾನಿಕ ಆಧಾರ ಸಾಲದೆಂದಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಷಯವನ್ನು ಹಿರಿಯ ಪೀಠಕ್ಕೆ ಒಪ್ಪಿಸಿತು.

ಈ ಪ್ರಕರಣದಲ್ಲಿ ನಮ್ಮ ಪಕ್ಷದವರ ಬಾಯಲ್ಲಿಯೂ ಪ್ರಮಾಣವಿಲ್ಲದ ಮಾತೊಂದು ಓಡಾಡಿತು. ಚುಚ್ಚುಮದ್ದು ಕೊಟ್ಟ ಎಮ್ಮೆಯ ಹಾಲು ಕುಡಿದರೆ ಮಕ್ಕಳಿಗೆ ಅಕಾಲದಲ್ಲಿ ಪ್ರಾಯ ಬರುತ್ತದೆಂಬುದೇ ಆ ಮಾತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿದಾಗ, ಚುಚ್ಚಿದ ಎಮ್ಮೆಯ ಹಾಲಿನಲ್ಲಿ ಆಕ್ಸಿಟೋಸಿನ್ ಹೆಚ್ಚಿರಲಿಲ್ಲ. ಇದ್ದದ್ದೂ ಜೀರ್ಣಕ್ರಿಯೆಯಲ್ಲಿ ಬೇಗ ನಾಶವಾಗುತ್ತಿತ್ತು. ಎಮ್ಮೆಗೆ ಆಗುವ ನೋವು ಆ ಸೂಜಿಯನ್ನು ವಿರೋಧಿಸಲು ಸಾಕಾದ ಕಾರಣ. ಸತ್ಯವಾದ ಕಾರಣವೊಂದು ಕೈಯಲ್ಲಿರುವಾಗ ಸುಳ್ಳು ಕಾರಣವನ್ನು ಏಕೆ ಹುಡುಕಬೇಕು? ಪೆಪ್ಟೈಡ್ ಮಾರುವವನನ್ನು ಪ್ರಮಾಣ ಕೇಳುವ ನಾವು ನಮ್ಮ ಮಾತಿಗೂ ಪ್ರಮಾಣ ಕೊಡಬೇಕು.

ಇನ್ಸುಲಿನ್ನಿನ ಚರಿತ್ರೆಯಲ್ಲಿ ಆಶಾಜನಕವಾದ ಪಾಠವಿದೆ. 1921ರಲ್ಲಿ ಟೊರಾಂಟೊದಲ್ಲಿ ಕಂಡುಹಿಡಿದ ಆ ಔಷಧವನ್ನು ದಶಕಗಳ ಕಾಲ ಕೊಂದ ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಸೂಕ್ಷ್ಮಾಣುಜೀವಿಗಳಿಂದ ಮಾನವ ಇನ್ಸುಲಿನ್ ತಯಾರಿಸುವ ವಿಧಾನ ಸಿದ್ಧಿಸಿತು. 1982ರಲ್ಲಿ ಅದು ಒಪ್ಪಿಗೆ ಪಡೆದು ಮಾರುಕಟ್ಟೆಗೆ ಬಂದಿತು. ಪಂಚೇಂದ್ರಿಯ ಜೀವಿಯ ವಧೆಯನ್ನು ಬಿಟ್ಟು ರೋಗಿಯನ್ನು ಉಳಿಸುವ ದಾರಿಯನ್ನು ವಿಜ್ಞಾನವೇ ತೆರೆಯಿತು. ಇಂತಹ ಔಷಧವನ್ನು ಬಡ ರೋಗಿಗೆ ಕೊಡಿಸುವುದು ನಿಜವಾದ ಔಷಧದಾನ.

ಆದುದರಿಂದ ಆರೋಗ್ಯ ಶಿಬಿರಕ್ಕೆ ಸ್ಥಳ ಕೇಳಿ ಅರ್ಜಿ ಬಂದಾಗ ಟ್ರಸ್ಟ್‌ಗಳು ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಲಿ. ಈ ಔಷಧಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆಯುಂಟೆ? ಯಾವ ರೋಗಕ್ಕೆ ಒಪ್ಪಿಗೆಯೋ ಅದೇ ರೋಗಕ್ಕೆ ಕೊಡುತ್ತಾರೆಯೇ? ಮನುಷ್ಯರ ಮೇಲೆ, ಹೋಲಿಕೆಯ ಗುಂಪಿನೊಡನೆ ನಡೆದು ಪ್ರಕಟವಾದ ಪ್ರಯೋಗ ಯಾವುದು? ಯಾವ ಜೀವಿಯಿಂದ, ಯಾವ ವಿಧಾನದಿಂದ ಅದು ತಯಾರಾಗಿದೆ? ಶಿಬಿರದ ವೈದ್ಯರಿಗೆ ಮಾರಾಟದಲ್ಲಿ ಪಾಲುಂಟೆ? ಇವುಗಳಲ್ಲಿ ಒಂದಕ್ಕೆ ಉತ್ತರ ಬರದಿದ್ದರೂ ಸಭಾಭವನದ ಬೀಗದಕೈ ಕೊಡುವುದು ಬೇಡ. ಪೆಪ್ಟೈಡ್ ಔಷಧಗಳಲ್ಲಿ ಅನೇಕವನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು; ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಚೀಲದಲ್ಲಿ ಹೊತ್ತು ತಂದ ಸೀಸೆಯ ಸ್ಥಿತಿಯನ್ನೂ ಕೇಳುವುದು ಉಚಿತ.

ಹಾಗಾದರೆ ನೋಯುವ ಮೊಣಕಾಲಿಗೆ ನಾವು ಕೊಡುವುದೇನು? ಕಾಕ್ರೇನ್ ಸಂಸ್ಥೆಯು 2024ರಲ್ಲಿ 139 ಪ್ರಯೋಗಗಳನ್ನು ಪರಿಶೀಲಿಸಿ, ಮೊಣಕಾಲಿನ ಸಂಧಿವಾತದಲ್ಲಿ ಕ್ರಮಬದ್ಧ ವ್ಯಾಯಾಮವು ನೋವನ್ನು ಸ್ವಲ್ಪಮಟ್ಟಿಗೆ ಇಳಿಸುತ್ತದೆಂದು ಹೇಳಿತು. ಲಾಭ ದೊಡ್ಡದಲ್ಲ, ಆದರೆ ಅಳೆದದ್ದು, ಅಗ್ಗದ್ದು, ಯಾವ ಜೀವಿಗೂ ಕೇಡಿಲ್ಲದ್ದು. ಒಬ್ಬ ಅರ್ಹ ಫಿಜಿಯೋಥೆರಪಿಸ್ಟ್‌ಗೆ ವಾರದಲ್ಲಿ ಒಂದು ದಿನ ಧರ್ಮಶಾಲೆಯ ಪಡಸಾಲೆ ಬಿಟ್ಟುಕೊಡುವುದು, ದೇವದುರ್ಗ ಮತ್ತು ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಿಂದ ರಾಯಚೂರಿನ ರಿಮ್ಸ್‌ಗೆ ಹೋಗಬೇಕಾದ ರೋಗಿಗೆ ವಾಹನದ ಖರ್ಚು ಕೊಡುವುದು, ಇನ್ಸುಲಿನ್ ಕೊಳ್ಳಲಾರದ ಮಗುವಿನ ಹೆಸರನ್ನು ಟ್ರಸ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುವುದು ನಮ್ಮ ಶಕ್ತಿಗೆ ಮೀರಿದ ಕೆಲಸಗಳಲ್ಲ.

ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕುಳಿತು, ಸಾವಿರ ದಿನಗಳನ್ನು ದಾಟಿಸಿದ ಊರು ರಾಯಚೂರು. ಶಾಸ್ತ್ರೀಯವಾದ ವೈದ್ಯಕ್ಕೆ ಅಷ್ಟು ಕಾಯಬಲ್ಲ ಜನರಿಗೆ ನಮ್ಮ ಟ್ರಸ್ಟ್‌ಗಳ ಹೆಸರಿನಲ್ಲಿ ಅಶಾಸ್ತ್ರೀಯವಾದ ಸೀಸೆಯನ್ನು ಕೊಡುವುದು ಅವರ ತಾಳ್ಮೆಗೆ ಮಾಡುವ ಅವಮಾನ. ಪ್ರತಿಯೊಂದು ಟ್ರಸ್ಟ್ ತನ್ನ ಮುಂದಿನ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ನಿರ್ಣಯವಾಗಿ ಬರೆದು, ಸಭಾಭವನದ ಬಾಡಿಗೆಯ ಅರ್ಜಿಯೊಡನೆಯೇ ಲಗತ್ತಿಸಲಿ ಎಂದು ನಮ್ಮ ವಿನಂತಿ.